ಅಲ್ಲಲ್ಲಿ

ಡೈರಿಯ ಕರಿಹಲಗೆಯಲ್ಲಿ ಮೂರು ಸಾಲು ನನ್ನವು:
ಹಾಲಿನ ದರ, ಕೊಬ್ಬಿನ ಅಂಶ, ನಾಳಿನ ಹವೆ.
ಮೊದಲೆರಡನ್ನು ಯೂನಿಯನ್ನಿನವರು ಹೇಳುತ್ತಾರೆ,
ಮೂರನೆಯದನ್ನು ರೇಡಿಯೊ,
ಲ್ಯಾಕ್ಟೋಮೀಟರು ಒರಗಿಸಿಟ್ಟ ಗೂಡಿನಲ್ಲಿ
ಕೆಮ್ಮುತ್ತ ಕೆಮ್ಮುತ್ತ:

"ದಕ್ಷಿಣ ಒಳನಾಡಿನಲ್ಲಿ ಒಣಹವೆ.
ಅಲ್ಲಲ್ಲಿ ಮುಂಜಾನೆ ಮಂಜು ಮುಸುಕುವ ಸಂಭವ."

ಬೆಂಗಳೂರಿಗೆ ಹೆಸರಿದೆ, ಮಡಿಕೇರಿಗೆ ಹೆಸರಿದೆ,
ಬೀದರಿನ ಚಳಿಗೆ ಅಂಕಿಯೇ ಇದೆ.
ಐದು ಗಿರಿಗಳ ನಡುವಿನ ನಮಗೆ
ನಾನು ಸೀಮೆಸುಣ್ಣ ಹಿಡಿದಾಗಿನಿಂದ ಒಂದೇ ವಿಳಾಸ:
ಅಲ್ಲಲ್ಲಿ.

ಅಕ್ಕಯಮ್ಮ ಅದನ್ನು ಓದಿಸಿಕೊಂಡು ನಗುತ್ತಾಳೆ.
ಅವಳಿಗೆ ಮಂಜು ಅಲ್ಲ, ಮಂಚು; ಮನೆಮಾತು ತೆಲುಗು.
"ಎಮ್ಮೆ ಬೆನ್ನಿನ ಕೂದಲು ನೋಡು," ಅನ್ನುತ್ತಾಳೆ.
"ರಾಗಿ ಕೂಳೆ ಮೇಲೆ ಜೇಡ ಬಲೆ ಹಾಸಿದೆಯಾ?
ಒಲೆ ಹೊಗೆ ಹೆಂಚು ದಾಟದೆ ಅಂಗಳದಲ್ಲೇ ಸುತ್ತುತ್ತಾ?
ಮತ್ತೆ ಆ ಡಬ್ಬಿನ ಯಾಕೆ ಕೇಳ್ತೀಯ?"

ಅವಳಿಗೆ ಮಂಜು ಬೇಕು. ಅವರೆಗೆ ಸೊಗಡು ಇಳಿಯುವುದೇ ಆಗ.
ಕಾಯಿ ಮುರಿದರೆ ಬೆರಳಿಗೆ ಎಣ್ಣೆ ಹತ್ತಬೇಕು,
ಬಸ್ಸಿನಲ್ಲಿ ಪಕ್ಕದವರು ಮೂಗರಳಿಸಿ ತಿರುಗಬೇಕು.
ದಿಲ್‌ಖುಷ್ ದ್ರಾಕ್ಷಿಯ ಬಚ್ಚರೆಡ್ಡಿಗೆ ಬೇಡ.
ಎಲೆಯ ಅಡಿಗೆ ಬೂಜು ಕೂರುವ ಭಯಕ್ಕೆ
ರಾತ್ರಿ ಟಾರ್ಚು ಹಿಡಿದು ಬರುತ್ತಾನೆ:
"ಗಂಗರತ್ನಮ್ಮ, ಅಳಿಸಿಬಿಡಿ ಅದನ್ನ,"
ನಾನು ಬರೆದದ್ದಕ್ಕೇ ಬೀಳುತ್ತದೇನೋ ಎಂಬಂತೆ.
ಜಬೀನಾ ಯಾರನ್ನೂ ಏನೂ ಕೇಳುವುದಿಲ್ಲ.
ನಾಲ್ಕನೇ ಜ್ವರಕ್ಕೆ ಮಲಗಿದ ರೇಷ್ಮೆ ಹುಳಗಳಿಗೆ
ಕಿಟಕಿಗೆ ಗೋಣಿ ಕಟ್ಟಿ, ಇದ್ದಿಲ ಒಲೆ ಇಟ್ಟು
ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ.

ಶನಿವಾರ ನಡುರಾತ್ರಿ ಕಾರುಗಳು.
ಹಣೆಗೆ ದೀಪ ಕಟ್ಟಿದವರ ಸಾಲು ಕಳವಾರ ಬೆಟ್ಟಕ್ಕೆ.
ಅವರ ಫೋನಿನಲ್ಲಿ ನನ್ನ ಹಲಗೆಗಿಂತ ಚೆನ್ನಾದ ಹವೆಯಿದೆ:
ಹನ್ನೊಂದು ಡಿಗ್ರಿ, ಗಾಳಿ ಕಡಿಮೆ,
ಸೂರ್ಯ ಆರು ನಲವತ್ತಕ್ಕೆ.
ಇಳಿದು ಬಂದು ಟೀ ಕುಡಿಯುತ್ತ ತೋರಿಸುತ್ತಾರೆ:
ಮೋಡದ ಕಡಲು. ಬಿಳಿ. ತೆರೆಯಿಲ್ಲ.
ಎರಡು ಬೆರಳಲ್ಲಿ ಹಿಗ್ಗಿಸಿ ಹುಡುಕಿದೆ.
ಅದರ ತಳದಲ್ಲಿ ಎಲ್ಲೋ, ಆ ಹೊತ್ತಿಗೆ ಸರಿಯಾಗಿ,
ಬಲ್ಬಿನ ಕೆಳಗೆ ಕೂತು
ಜಬೀನಾಳ ಒಂದೂವರೆ ಲೀಟರು ಅಳೆಯುತ್ತಿದ್ದೆ.
"ಕೆಳಗೆ ಊರೇ ಇಲ್ಲ ಅನ್ಸುತ್ತೆ ಅಲ್ವಾ ಆಂಟಿ,"
ಅಂದಳು ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ.

ಹೋದ ಪುಷ್ಯದಲ್ಲಿ ಒಂದು ಸಂಜೆ
ರೇಡಿಯೊ ಒಣಹವೆ ಅಂತಷ್ಟೇ ಅಂದಿತು.
ಅಲ್ಲಲ್ಲಿ ಬಿಟ್ಟುಹೋಯಿತು, ಇಲ್ಲಾ ಕೆಮ್ಮಿನಲ್ಲಿ ನುಂಗಿಹೋಯಿತು.
ಅಕ್ಕಯಮ್ಮ ಎಮ್ಮೆ ಬೆನ್ನು ತೋರಿಸಿದಳು;
ಹಲಗೆಯಲ್ಲಿ ಜಾಗವಿಲ್ಲ ಅಂದೆ.

ಬೆಳಗ್ಗೆ ಬಲ್ಬು ಉರಿಯುತ್ತಿತ್ತು,
ಬಲ್ಬಿನ ಕೆಳಗೆ ಏನೂ ಇರಲಿಲ್ಲ.
ಬಯ್ಯಣ್ಣನ ಹಾಲಿನ ವ್ಯಾನು ಬರೀ ಹಾರನ್ನಾಗಿ ಬಂತು,
ಹತ್ತಿರ, ಇನ್ನೂ ಹತ್ತಿರ, ಆಮೇಲೆ
ಬಣವೆಯೊಳಕ್ಕೆ ಮೆತ್ತಗೆ ಹೊಕ್ಕ ಸದ್ದು.
ಅವನಿಗೇನೂ ಆಗಲಿಲ್ಲ. ಮೀಸೆ ತುಂಬ ರಾಗಿ ಹುಲ್ಲು.
ಆರು ಕ್ಯಾನು ಉರುಳಿ
ಬಿಳಿಯೊಳಗೆ ಬಿಳಿ ಹರಿಯಿತು. ಎಲ್ಲಿಗೆ ಹರಿಯಿತೆಂದು
ನಾಯಿಗಳಿಗೆ ಮಾತ್ರ ತಿಳಿಯಿತು.
ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ.
ಒಣಹವೆ ಎಂಬ ನಾಲ್ಕು ಅಕ್ಷರದ ಮುಂದೆ ನಿಂತು
ಹಲಗೆಯನ್ನು ಬೈದ, ತಾಯಿ ತಂಗಿ ಸಮೇತ.

ಈಗ ನಾಲ್ಕು ಸಾಲು ಬರೆಯುತ್ತೇನೆ.
ನಾಲ್ಕನೆಯದು ಎಮ್ಮೆಯದು.
ಸೂಪರ್‌ವೈಸರು ಬಂದ ದಿನ
ಅದಕ್ಕೆ ಕ್ಯಾಲೆಂಡರು ಅಡ್ಡ ತೂಗುಹಾಕುತ್ತೇನೆ.

ಇವತ್ತು ಹೊಗೆ ಹೆಂಚು ದಾಟಲಿಲ್ಲ.
ದಿವ್ಯಗಿರಿ ಮೊದಲು ಹೋಯಿತು, ಆಮೇಲೆ ಚನ್ನಗಿರಿ;
ನಂದಿಯ ನೆತ್ತಿಯಲ್ಲಿ ಒಂದು ದೀಪವಿತ್ತು, ಅದೂ.
ಬಚ್ಚರೆಡ್ಡಿ ಬರುತ್ತಿದ್ದಾನೆ,
ಟಾರ್ಚಿಗಿಂತ ಮುಂಚೆ ಚಪ್ಪಲಿಯ ಸದ್ದು.
ಒದ್ದೆ ಹಲಗೆಗೆ ಸೀಮೆಸುಣ್ಣ ಹತ್ತುತ್ತಿಲ್ಲ.
ಸೆರಗಿನಿಂದ ಒರೆಸಿ ಮತ್ತೆ ಬರೆಯುತ್ತೇನೆ.
ಕೊಬ್ಬು ನಾಲ್ಕು ಪಾಯಿಂಟು ಒಂದು.
ಹವೆ, ರೇಡಿಯೊ ಅಂದಂತೆ.
ಅದರ ಕೆಳಗೆ: ಬಯ್ಯಣ್ಣ, ನಿಧಾನವಾಗಿ ಬಾ.

ಅವನು ಇದನ್ನು ಓದುವುದು ಬಂದು ತಲುಪಿದ ಮೇಲೆ.